ಕತ್ತಿನ ನೋವೂ ವಿದ್ಯುಚ್ಚಿಕಿತ್ಸೆಯೂ

ನಮ್ಮ ದಿನಬಳಕೆಯ ಮಾತಿನಲ್ಲಿ ಕತ್ತು ಹೆಗಲುಗಳ ಪ್ರಸ್ತಾಪವು ಬರುವಷ್ಟು ಸಲ ದೇಹದ ಇತರ ಅಂಗಗಳ ಪ್ರಸ್ತಾಪವು ಬರುವುದು ಅಪರೂಪ. ಮಾನವಂತನು ತಲೆಯೆತ್ತಿ ನಡೆಯುವನು. ತಪ್ಪು ಮಾಡಿದವನು ತಲೆ ತಗ್ಗಿಸುವನು. ಸಾಲಗಾರನಿಗೆ ಸಾಲವು ಕುತ್ತಿಗೆಯವರೆಗೆ ಬರುವುದು. ನಂಬಿಸಿ ಮೋಸಮಾಡಿದವನು ಕತ್ತು ಕೊಯ್ದನೆನ್ನಿಸಿಕೊಳ್ಳುವನು. ತಂದೆಯ ಕಾಲಾನಂತರ ಸಂಸಾರದ ನೊಗವು ಹಿರಿಯ ಮಗನ ಹೆಗಲಿಗೆ ಬೀಳುವುದು. ಹೀಗೆ ಮಾತಿನಲ್ಲಿ ಇಷ್ಟೊಂದು ಭಾರವನ್ನು ಹೊರುವ ಈ ಅಂಗವು ನಿಜವಾಗಿ ಹೊರುತ್ತಿರುವ ಭಾರವೆಷ್ಟೆಂಬುದನ್ನು ಮಾತ್ರ, ಅದು ನೋಯಲಾರಂಭಿಸುವವರೆಗೆ, ನಾವು ಯೋಚಿಸುವುದೇ ಇಲ್ಲ.

ಈ ಲೇಖಕನ ಕಸುಬು ಅಚ್ಚಿನ ಕರಡು ತಿದ್ದುವುದು. ಮೊದಲು ಕಾಗದದ ಮೇಲೆ ತಿದ್ದುತ್ತಿದ್ದುದನ್ನು ಈಗ ಹಲವು ವರ್ಷಗಳಿಂದ ಕಂಪ್ಯೂಟರಿನ ಪರದೆಯ ಮೇಲೆ ತಿದ್ದುತ್ತಿರುವೆನು. ಸಾಧನವು ಬದಲಾಯಿತೇ ಹೊರತು ತಲೆಯನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಒಂದೇ ಸಮನೆ ನಾಲ್ಕು ಗಂಟೆ ಕೂರುವ ಅಭ್ಯಾಸವು ಬದಲಾಗಲಿಲ್ಲ. ಐವತ್ತು ದಾಟಿದ ಮೇಲೆ, ತಲೆಬುರುಡೆಯ ಬುಡದಿಂದ ಹೊರಟು ಬಲಹೆಗಲಿಗೆ ಇಳಿಯುವ ಒಂದು ನೋವು ಸಂಜೆ ಸಂಜೆಗೂ ಬರತೊಡಗಿತು. ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಚೀಲವನ್ನಿಟ್ಟದ್ದಾಯಿತು, ತಲೆದಿಂಬನ್ನು ಮೂರು ಸಲ ಬದಲಾಯಿಸಿದ್ದಾಯಿತು. ಕಡೆಗೆ ನೆರೆಮನೆಯ ಯಜಮಾನರು, “ಇದಕ್ಕೆಲ್ಲ ಕರೆಂಟು ಕೊಡಿಸಿಬಿಡಿ, ಹತ್ತು ದಿನದಲ್ಲಿ ಗುಣ” ಎಂದರು. ಕರೆಂಟು ಎಂದೊಡನೆ ಮನೆಯಲ್ಲಿ ಒಬ್ಬರಿಗೆ ಭಯ, ಮತ್ತೊಬ್ಬರಿಗೆ ಅತಿಯಾದ ಆಸೆ. ಈ ಭಯಕ್ಕೆ ಎಷ್ಟು ಆಧಾರವುಂಟು, ಈ ಆಸೆಗೆ ಎಷ್ಟು ಆಧಾರವುಂಟು ಎಂಬುದನ್ನು ನಾನು ಓದಿನಿಂದಲೂ, ವೈದ್ಯರನ್ನು ಕೇಳಿಯೂ, ಸ್ವಲ್ಪಮಟ್ಟಿಗೆ ಸ್ವಂತ ತಪ್ಪಿನಿಂದಲೂ ತಿಳಿದುಕೊಂಡೆನು. ನಾನು ವೈದ್ಯನಲ್ಲ. ಆದರೂ ನನ್ನಂತಹ ಸಂಸಾರಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಆ ವಿಷಯವನ್ನು ಇಲ್ಲಿ ನಿವೇದಿಸುತ್ತೇನೆ.

ಕತ್ತಿನ ರಚನೆ

ವಯಸ್ಕನ ತಲೆಯು ಸುಮಾರು ನಾಲ್ಕೂವರೆಯಿಂದ ಐದೂವರೆ ಕಿಲೋಗ್ರಾಂ ತೂಗುವುದು; ಎಂದರೆ ಒಂದು ಹದವಾದ ಕುಂಬಳಕಾಯಿಯ ತೂಕ. ಇದನ್ನು ಹೊತ್ತಿರುವುದು ಒಂದರ ಮೇಲೊಂದು ಜೋಡಿಸಿದ ಏಳು ಸಣ್ಣ ಎಲುಬುಗಳು. ಜಿರಾಫೆಯ ಉದ್ದವಾದ ಕತ್ತಿನಲ್ಲಿಯೂ ಇರುವುದು ಇಂತಹ ಏಳೇ ಎಲುಬುಗಳೆಂಬುದು ಮಕ್ಕಳಿಗೆ ಹೇಳಬೇಕಾದ ಒಂದು ಸೊಗಸಾದ ಸಂಗತಿ. ಈ ಎಲುಬಿನ ಕಂಬವನ್ನು ಸುತ್ತಲೂ ಹಗ್ಗ ಬಿಗಿದಂತೆ ನಿಲ್ಲಿಸಿರುವುವು ಸ್ನಾಯುಗಳು. ಇವುಗಳಲ್ಲಿ ಮುಖ್ಯವಾದುದು ತಲೆಬುರುಡೆಯ ಹಿಂಭಾಗದಿಂದ ಎರಡು ಹೆಗಲುಗಳವರೆಗೂ, ಕೆಳಗೆ ಬೆನ್ನಿನ ನಡುವಿನವರೆಗೂ ಗಾಳಿಪಟದ ಆಕಾರದಲ್ಲಿ ಹರಡಿಕೊಂಡಿರುವ ಟ್ರಪೀಜಿಯಸ್ ಎಂಬ ಸ್ನಾಯು. ಸಂಜೆಯ ಹೊತ್ತಿಗೆ ಹೆಗಲ ಮೇಲೆ ಹುರಿಗಟ್ಟಿದಂತೆ ಕೈಗೆ ಸಿಗುವುದು ಇದರ ಮೇಲಂಚೇ.

ತಲೆಯು ಕಂಬದ ಮೇಲೆ ನೇರವಾಗಿ ಕುಳಿತಿರುವಾಗ ಈ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ತಲೆಯ ಮೇಲೆ ನೆಟ್ಟಗೆ ನಿಂತ ನೀರಿನ ಕೊಡವನ್ನು ಹೊತ್ತು ಹೆಂಗಸರು ಮೈಲಿಗಟ್ಟಲೆ ನಡೆದುಬರುತ್ತಿದ್ದುದನ್ನು ನಾವು ಬಲ್ಲೆವು. ಅದೇ ಕೊಡವನ್ನು ಕೈ ಚಾಚಿ ಮುಂದಕ್ಕೆ ಹಿಡಿದರೆ ಒಂದು ನಿಮಿಷವೂ ನಿಲ್ಲಲಾಗದು. ತಲೆಯನ್ನು ಮುಂದಕ್ಕೆ ಬಗ್ಗಿಸಿದಾಗ ಕತ್ತಿಗೆ ಆಗುವುದು ಇದೇ. ನ್ಯೂಯಾರ್ಕಿನ ಶಸ್ತ್ರವೈದ್ಯರಾದ ಕೆನೆತ್ ಹನ್ಸರಾಜ್ ಎಂಬವರು ೨೦೧೪ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಅದರಂತೆ, ತಲೆಯು ಹದಿನೈದು ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಭಾರವು ಸುಮಾರು ೧೨ ಕಿಲೋಗ್ರಾಂ, ಮೂವತ್ತು ಡಿಗ್ರಿಗೆ ೧೮, ನಲವತ್ತೈದಕ್ಕೆ ೨೨, ಮೊಬೈಲ್ ಫೋನನ್ನು ಮಡಿಲಲ್ಲಿಟ್ಟುಕೊಂಡು ಅರವತ್ತು ಡಿಗ್ರಿ ಬಾಗಿದಾಗ ೨೭. ಇದು ಗಣಿತದ ಮಾದರಿಯಿಂದ ತೆಗೆದ ಲೆಕ್ಕವೇ ಹೊರತು ಜೀವಂತ ಮನುಷ್ಯನ ಕತ್ತಿನಲ್ಲಿ ತೂಗಿ ನೋಡಿದುದಲ್ಲ. ಆದರೂ ಬಾಗಿದಷ್ಟೂ ಹೊರೆ ಹೆಚ್ಚುವುದೆಂಬ ತತ್ತ್ವದಲ್ಲಿ ಸಂಶಯವಿಲ್ಲ.

ಹೀಗೆ ಹೊರೆ ಹೊತ್ತ ಸ್ನಾಯು ಗಂಟೆಗಟ್ಟಲೆ ಬಿಗಿದುಕೊಂಡೇ ಇದ್ದರೆ ಅದರೊಳಗಿನ ಸೂಕ್ಷ್ಮ ರಕ್ತನಾಳಗಳು ಅದುಮಲ್ಪಟ್ಟು ರಕ್ತಸಂಚಾರವು ಕುಂದುವುದು, ಸ್ನಾಯು ದಣಿಯುವುದು, ದಣಿದುದು ನೋಯುವುದು. ನೋವಾದ ಭಾಗವನ್ನು ಕಾಪಾಡಿಕೊಳ್ಳಲು ದೇಹವು ಅದನ್ನು ಮತ್ತಷ್ಟು ಬಿಗಿಹಿಡಿಯುವುದು. ಬಿಗಿತದಿಂದ ನೋವು, ನೋವಿನಿಂದ ಬಿಗಿತ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುವುದು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಗೂನಾಗಿ ಕೂರುವುದೊಂದೇ ನೋವಿಗೆ ಕಾರಣವೆಂದು ಇಂದಿನ ತಜ್ಞರು ಹೇಳುವುದಿಲ್ಲ. ಒಂದೇ ರೀತಿಯಲ್ಲಿ ಬಾಗಿ ಕೂರುವ ಇಬ್ಬರಲ್ಲಿ ಒಬ್ಬನಿಗೆ ನೋವಿದ್ದು ಇನ್ನೊಬ್ಬನಿಗೆ ಇಲ್ಲದಿರುವುದುಂಟು. ನಿದ್ರೆಗೇಡು, ಮನಸ್ಸಿನ ಚಿಂತೆ, ಅಂಗಸಾಧನೆಯಿಲ್ಲದ ದೇಹ, ಎಲ್ಲಕ್ಕಿಂತ ಮಿಗಿಲಾಗಿ ಅಲುಗಾಡದೆ ಬಹುಕಾಲ ಒಂದೇ ಭಂಗಿಯಲ್ಲಿರುವುದು, ಇವೆಲ್ಲವೂ ಸೇರಿ ಕತ್ತನ್ನು ನೋಯಿಸುವುವು.

ವಿದ್ಯುಚ್ಚಿಕಿತ್ಸೆಯ ಪೂರ್ವಕಥೆ

ನೋವಿಗೆ ವಿದ್ಯುತ್ತನ್ನು ಬಳಸುವುದು ಹೊಸತೆಂದು ನಾವು ಭಾವಿಸಿದ್ದರೆ ಅದು ತಪ್ಪು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ವೈದ್ಯನಾಗಿದ್ದ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬುವನು ತಲೆನೋವಿಗೂ ಪಾದದ ವಾತಕ್ಕೂ ಒಂದು ವಿಚಿತ್ರವಾದ ಮದ್ದನ್ನು ಬರೆದಿಟ್ಟಿರುವನು. ಟಾರ್ಪಿಡೋ ಎಂಬ ಸಮುದ್ರದ ಮೀನು ತನ್ನ ದೇಹದಿಂದ ವಿದ್ಯುತ್ತಿನ ಪೆಟ್ಟನ್ನು ಕೊಡಬಲ್ಲುದು. ಪಾದದ ವಾತದ ರೋಗಿಯು ಸಮುದ್ರತೀರದಲ್ಲಿ ಆ ಜೀವಂತ ಮೀನಿನ ಮೇಲೆ ಕಾಲಿಟ್ಟು, ಕಾಲು ಜೋಮು ಹಿಡಿಯುವವರೆಗೆ ನಿಲ್ಲಬೇಕೆಂಬುದೇ ಆ ಮದ್ದು! ಅದು ವಿದ್ಯುತ್ತೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಆ ಬಳಿಕ ಬಹುಕಾಲ ಕಳೆದು, ಇಟಲಿಯ ಬೊಲೋನ ನಗರದಲ್ಲಿ ಲುಯಿಜಿ ಗ್ಯಾಲ್ವಾನಿಯು ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶದಿಂದ ಸೆಟೆಯುವುದನ್ನು ಕಂಡು ೧೭೯೧ರಲ್ಲಿ ಲೋಕಕ್ಕೆ ತಿಳಿಸಿದನು. ಅವನೊಡನೆ ವಾದ ಹೂಡಿದ ವೋಲ್ಟನು ೧೮೦೦ರಲ್ಲಿ ಮೊಟ್ಟಮೊದಲ ಬ್ಯಾಟರಿಯನ್ನು ನಿರ್ಮಿಸಿದನು. ಫ್ರಾನ್ಸಿನ ವೈದ್ಯ ಡುಷೇನನು ಚರ್ಮದ ಮೇಲಿನಿಂದಲೇ ಒಂದೊಂದು ಸ್ನಾಯುವನ್ನು ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಪ್ರಚೋದಿಸುವ ಕ್ರಮವನ್ನು ೧೮೫೫ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ಇಷ್ಟರಲ್ಲಿ ವಿದ್ಯುತ್ತಿನ ಹೆಸರು ಹೇಳಿ ಹಣ ಮಾಡುವವರೂ ಹುಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯೂರೋಪು ಅಮೆರಿಕಗಳಲ್ಲಿ ಸಕಲ ರೋಗ ನಿವಾರಕವೆಂಬ ಜಾಹೀರಾತಿನೊಡನೆ ವಿದ್ಯುತ್ ಸೊಂಟಪಟ್ಟಿಗಳು ಮಾರಾಟವಾದುವು. ಹೀಗಾಗಿ ಈ ಚಿಕಿತ್ಸೆಯು ವಿದ್ವಾಂಸರ ಗೌರವವನ್ನು ಬಹುಮಟ್ಟಿಗೆ ಕಳೆದುಕೊಂಡಿತು.

ಅದಕ್ಕೆ ಮರಳಿ ಗೌರವವನ್ನು ತಂದುದು ೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಮಂಡಿಸಿದ ದ್ವಾರಸಿದ್ಧಾಂತ. ಮಗುವು ಬಾಗಿಲಿಗೆ ತಲೆ ತಾಗಿಸಿಕೊಂಡು ಅತ್ತರೆ ತಾಯಿಯು ಒಡನೆಯೇ ಆ ಜಾಗವನ್ನು ಅಂಗೈಯಿಂದ ತಿಕ್ಕುವಳಷ್ಟೆ. ತಿಕ್ಕಿದರೆ ನೋವು ಕಡಿಮೆಯಾಗುವುದೇಕೆ? ಸ್ಪರ್ಶದ ಸುದ್ದಿಯನ್ನು ಒಯ್ಯುವ ನರತಂತುಗಳು ದಪ್ಪನಾದುವು. ನೋವಿನ ಸುದ್ದಿಯನ್ನು ಒಯ್ಯುವುವು ಬಹಳ ಸಣ್ಣವು. ಎರಡೂ ಬೆನ್ನುಹುರಿಯನ್ನು ಹೊಗುವ ಕಡೆ ಒಂದು ದ್ವಾರವಿದ್ದಂತೆ. ಸ್ಪರ್ಶದ ಸುದ್ದಿಯು ಹೇರಳವಾಗಿ ಬಂದರೆ ಆ ದ್ವಾರವು ನೋವಿನ ಸುದ್ದಿಗೆ ಮುಚ್ಚಿಕೊಳ್ಳುವುದೆಂಬುದೇ ಈ ಸಿದ್ಧಾಂತದ ಸಾರ. ೧೯೬೭ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಎಂಬವರು ಮನುಷ್ಯರ ನರಗಳಿಗೆ ಸೌಮ್ಯವಾದ ವಿದ್ಯುತ್ತನ್ನು ಕೊಟ್ಟು, ನೋವು ಕೆಲಹೊತ್ತು ಅಡಗುವುದನ್ನು ತೋರಿಸಿದರು. ತಾಯಿಯ ಅಂಗೈಯ ಕೆಲಸವನ್ನೇ ಯಂತ್ರವು ಮಾಡಿತೆನ್ನಬಹುದು. ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದರೂ ಅದರ ತಿರುಳು ಉಳಿದುಬಂದಿದೆ.

ಚಿಕಿತ್ಸೆಯ ಬಗೆಗಳು

ಇಂದು ಫಿಸಿಯೋಥೆರಪಿಯ ಕೊಠಡಿಯಲ್ಲಿ ಕತ್ತಿಗೆ ಕೊಡುವ ಕರೆಂಟು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಟೆನ್ಸ್ ಎಂದು ಹೆಸರಾದುದು. ಅಂಗೈಯಗಲದ ಯಂತ್ರ, ಬ್ಯಾಟರಿಯಿಂದ ನಡೆಯುವುದು. ಅಂಟುವ ಪಟ್ಟಿಗಳನ್ನು ಕತ್ತಿನ ಹಿಂಭಾಗದಲ್ಲಿಯೂ ಹೆಗಲ ಮೇಲೆಯೂ ಹಚ್ಚುವರು. ಸೆಕೆಂಡಿಗೆ ಸುಮಾರು ೫೦ರಿಂದ ೧೦೦ ಸಲ ಅತಿಸಣ್ಣ ಮಿಡಿತಗಳು ಹರಿಯುವುವು. ಇದರಿಂದ ಸ್ಪರ್ಶದ ನರಗಳು ಎಚ್ಚರಗೊಳ್ಳುವುವು. ಸೆಕೆಂಡಿಗೆ ಎರಡು ನಾಲ್ಕು ಸಲದಂತೆ ನಿಧಾನವಾಗಿ, ಆದರೆ ಬಲವಾಗಿ ಕೊಡುವ ಕ್ರಮವೂ ಉಂಟು. ದೇಹವೇ ತಯಾರಿಸಿಕೊಳ್ಳುವ ನೋವುಶಮನ ದ್ರವ್ಯಗಳನ್ನು ಇದು ಹೊರಡಿಸುವುದೆಂದು ತಿಳಿಯಲಾಗಿದೆ.

ಎರಡನೆಯದು ೧೯೫೦ರ ದಶಕದಲ್ಲಿ ವಿಯೆನ್ನದ ಹಾನ್ಸ್ ನೆಮೆಕ್ ಎಂಬವರು ರೂಪಿಸಿದ ಇಂಟರ್‌ಫೆರೆನ್ಷಿಯಲ್ ಚಿಕಿತ್ಸೆ. ಇದರಲ್ಲಿ ಒಂದು ಪ್ರವಾಹವು ಸೆಕೆಂಡಿಗೆ ೪,೦೦೦ ಆವರ್ತನದ್ದು, ಮತ್ತೊಂದು ೪,೧೦೦ರದ್ದು. ಎರಡೂ ದೇಹದೊಳಗೆ ಒಂದನ್ನೊಂದು ಹಾದಾಗ ಅವುಗಳ ಅಂತರವಾದ ೧೦೦ರ ಗತಿಯಲ್ಲಿ ಮಿಡಿತವೇಳುವುದು. ಶ್ರುತಿಯಲ್ಲಿ ಕೊಂಚ ಭೇದವಿರುವ ಎರಡು ತಂಬೂರಿ ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದವು ಅಲೆಯಲೆಯಾಗಿ ಏರಿಳಿಯುವುದನ್ನು ಸಂಗೀತ ಬಲ್ಲವರು ಕೇಳಿರುವರು, ಇದೂ ಹಾಗೆಯೇ. ವೇಗದ ಪ್ರವಾಹಕ್ಕೆ ಚರ್ಮದ ಅಡ್ಡಿ ಕಡಿಮೆಯಾದುದರಿಂದ ರೋಗಿಗೆ ಚುಚ್ಚಿದಂತಾಗುವುದಿಲ್ಲ.

ಮೂರನೆಯದು ಶಾರ್ಟ್‌ವೇವ್ ಡಯಾಥರ್ಮಿ. ಇದು ಸೆಕೆಂಡಿಗೆ ಎರಡು ಕೋಟಿ ಎಪ್ಪತ್ತೊಂದು ಲಕ್ಷದಷ್ಟು ಆವರ್ತನದ ಅಲೆಗಳಿಂದ ಸ್ನಾಯುವಿನ ಒಳಗೇ ಶಾಖವನ್ನು ಹುಟ್ಟಿಸುವುದು. ಇಲ್ಲಿ ನರಕ್ಕೆ ಮಿಡಿತವಿಲ್ಲ, ಬೆಚ್ಚನೆಯ ಹಿತವಷ್ಟೇ.

ನನಗೆ ಕೊಟ್ಟುದು ಎರಡನೆಯದು. ಇರುವೆಗಳ ಸಾಲು ಹೆಗಲ ಮೇಲೆ ಹರಿದಂತೆ ಮೊದಲು ಜುಮುಗುಟ್ಟಿತು; ಐದು ನಿಮಿಷದಲ್ಲಿ ಅದೇ ಹಿತವಾಯಿತು; ಇಪ್ಪತ್ತು ನಿಮಿಷದ ಕೊನೆಗೆ, ತಿಂಗಳುಗಳ ಮೇಲೆ ಮೊದಲ ಸಲ, ನೋವಿಲ್ಲದೆ ಕತ್ತನ್ನು ತಿರುಗಿಸಿದೆನು. ಚಿಕಿತ್ಸೆ ಕೊಟ್ಟ ಹುಡುಗಿಯು, “ಸರ್, ಕರೆಂಟಿನಿಂದ ಈಗ ನೋವು ಇಳಿದಿದೆ. ಈ ಹೊತ್ತಿನಲ್ಲಿಯೇ ವ್ಯಾಯಾಮ ಮಾಡಿಬಿಡಬೇಕು. ಬಿಟ್ಟರೆ ನೋವೂ ಮತ್ತೆ ಬರುತ್ತದೆ, ನೀವೂ ಮತ್ತೆ ಇಲ್ಲಿಗೆ ಬರುತ್ತೀರಿ” ಎಂದಳು. ನಾನು ನಕ್ಕು ಮನೆಗೆ ಬಂದೆನು. ಹತ್ತು ದಿನ ಕರೆಂಟು ಕೊಡಿಸಿಕೊಂಡೆನು, ವ್ಯಾಯಾಮವನ್ನು ಮಾಡಲಿಲ್ಲ. ಹದಿನೈದನೆಯ ದಿನಕ್ಕೆ ನೋವು ತನ್ನ ಹಳೆಯ ಜಾಗಕ್ಕೆ ಹಿಂದಿರುಗಿತು. ಆಕೆಯು ಹೇಳಿದಂತೆಯೇ ನಾನೂ ಹಿಂದಿರುಗಿದೆನು.

ಇದರಿಂದ ಆಗುವುದೆಷ್ಟು?

ಈ ಅನುಭವವು ನನ್ನೊಬ್ಬನದಲ್ಲ. ವೈದ್ಯಶಾಸ್ತ್ರದ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಕತ್ತಿನ ನೋವಿಗೆ ಕೊಡುವ ವಿದ್ಯುಚ್ಚಿಕಿತ್ಸೆಯನ್ನು ೨೦೧೩ರಲ್ಲಿಯೂ, ಬಹುದಿನದ ಕತ್ತುನೋವಿಗೆ ಟೆನ್ಸ್ ಕೊಡುವುದನ್ನು ೨೦೧೯ರಲ್ಲಿಯೂ ಪರಿಶೀಲಿಸಿತು. ಎರಡು ಸಲವೂ, ದೊರೆತ ಸಾಕ್ಷ್ಯವು ಬಹಳ ದುರ್ಬಲವೆಂದೂ, ಖಚಿತವಾದ ಪ್ರಯೋಜನವನ್ನು ಅದರಿಂದ ಸ್ಥಾಪಿಸಲಾಗದೆಂದೂ ತೀರ್ಪಿತ್ತಿತು. ಕೆಲವರಿಗೆ ಕೆಲಹೊತ್ತು ಹಿತವಾಗುವುದು ನಿಜ. ಆ ಹಿತವು ಉಳಿಯುವುದೆಂದು ಯಾರೂ ಮಾತು ಕೊಡಲಾರರು. ವಿದ್ಯುತ್ತು ನೋವಿನ ಸುದ್ದಿಯನ್ನು ತಡೆಯುವುದೇ ವಿನಾ ಸ್ನಾಯುವಿಗೆ ಬಲವನ್ನು ತುಂಬುವುದಿಲ್ಲ. ನಾವು ಕೂರುವ ಕುರ್ಚಿಯನ್ನು ಸರಿಪಡಿಸುವುದಿಲ್ಲ.

ಇದಕ್ಕೆ ಎದುರಾಗಿ, ಫಿನ್ಲೆಂಡಿನಲ್ಲಿ ಕತ್ತುನೋವಿನಿಂದ ಬಳಲುತ್ತಿದ್ದ ೧೮೦ ಮಂದಿ ಕಚೇರಿಯ ಉದ್ಯೋಗಿ ಮಹಿಳೆಯರ ಮೇಲೆ ನಡೆದು ೨೦೦೩ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ವರ್ಷಕಾಲ ಕತ್ತು ಹೆಗಲುಗಳಿಗೆ ಕ್ರಮವಾದ ಬಲಸಾಧನೆ ಮಾಡಿದವರ ನೋವು, ಹಾಗೆ ಮಾಡದವರಿಗಿಂತ ಗಮನಾರ್ಹವಾಗಿ ಇಳಿದಿತ್ತು. ಆದುದರಿಂದ ಕರೆಂಟನ್ನು ವ್ಯಾಯಾಮಕ್ಕೆ ದಾರಿ ಬಿಡಿಸುವ ಸಹಾಯಕನೆಂದು ತಿಳಿಯತಕ್ಕದ್ದೇ ಹೊರತು ವ್ಯಾಯಾಮದ ಬದಲಿಗೆ ಬಂದ ಯಜಮಾನನೆಂದಲ್ಲ.

ಮನೆಗೆ ಬಂದ ಯಂತ್ರ

ಈಗ ಸಣ್ಣ ಟೆನ್ಸ್ ಯಂತ್ರಗಳು ಔಷಧದ ಅಂಗಡಿಯಲ್ಲಿಯೇ ದೊರೆಯುತ್ತವೆ. ತಂದೆಯ ಕಷ್ಟವನ್ನು ನೋಡಲಾರದೆ ನನ್ನ ಮಗನು ಒಂದನ್ನು ತಂದನು. ಮನೆಮಂದಿಯೆಲ್ಲ ಅದನ್ನು ಅಮೃತಾಂಜನದ ಡಬ್ಬಿಯಂತೆ ಹಂಚಿಕೊಂಡು ಬಳಸತೊಡಗಿದೆವು.

ಆ ದಿನಗಳಲ್ಲಿ ನಮ್ಮ ದೊಡ್ಡಮ್ಮನವರು ಊರಿನಿಂದ ಬಂದಿದ್ದರು. ಎಪ್ಪತ್ತೆರಡು ವಯಸ್ಸು, ಎರಡು ವರ್ಷದ ಹಿಂದೆ ಹೃದಯದ ಬಡಿತವನ್ನು ಸರಿಪಡಿಸುವ ಪೇಸ್‌ಮೇಕರನ್ನು ಎದೆಯಲ್ಲಿ ಇರಿಸಿದ್ದರು. ಪ್ರಯಾಣದಿಂದ ಕತ್ತು ಹಿಡಿದಿದೆಯೆಂದು ಅವರು ಹೇಳಿದೊಡನೆ ನನ್ನ ಹೆಂಡತಿಯು ಅಕ್ಕರೆಯಿಂದ ಪೆಟ್ಟಿಗೆ ತೆರೆದು, ಅವರ ಹೆಗಲಿಗೆ ಪಟ್ಟಿ ಹಚ್ಚಿದಳು. ನಾನು ಪಕ್ಕದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆನು. ಗುಂಡಿಯನ್ನು ಒತ್ತುವಷ್ಟರಲ್ಲಿ, ಪೆಟ್ಟಿಗೆಯೊಳಗಿನ ಹಾಳೆಯನ್ನು ಬಿಡಿಸಿ ನೋಡುತ್ತಿದ್ದ ಮಗಳು, “ಅಮ್ಮ, ತಡಿ! ಅಜ್ಜಿ ಎದೇಲಿ ಮೆಷೀನ್ ಇದೆಯಲ್ಲ? ಇಲ್ಲಿ ಬೇಡ ಅಂತ ಬರೆದಿದೆ” ಎಂದು ಕೂಗಿದಳು. ಹೊರಗಿನ ವಿದ್ಯುತ್ತಿನ ಮಿಡಿತವನ್ನು ಪೇಸ್‌ಮೇಕರು ಹೃದಯದ ಬಡಿತವೆಂದು ತಪ್ಪಾಗಿ ತಿಳಿದು ತನ್ನ ಕೆಲಸವನ್ನು ನಿಲ್ಲಿಸಿಬಿಡಬಹುದೆಂದು ವೈದ್ಯರು ಆಮೇಲೆ ವಿವರಿಸಿದರು. ಜೀವಮಾನವೆಲ್ಲ ಇತರರ ಅಕ್ಷರಗಳನ್ನು ಓದಿ ತಪ್ಪು ಹುಡುಕಿದ ನಾನು, ಮೂರು ವಾರದಿಂದ ಮನೆಯಲ್ಲಿದ್ದ ಆ ಒಂದು ಹಾಳೆಯನ್ನು ಓದಿರಲಿಲ್ಲ. ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಗೃಹಸ್ಥರು ನೆನಪಿಡಬೇಕಾದ ಎಚ್ಚರಿಕೆಗಳು ಇವು. ಪೇಸ್‌ಮೇಕರು ಮೊದಲಾದ ವಿದ್ಯುತ್ ಸಾಧನಗಳನ್ನು ದೇಹದಲ್ಲಿ ಧರಿಸಿದವರಿಗೆ ಹೃದಯವೈದ್ಯರ ಅಪ್ಪಣೆಯಿಲ್ಲದೆ ಈ ಯಂತ್ರವನ್ನು ಹಚ್ಚಲೇ ಕೂಡದು. ಕತ್ತಿನ ಮುಂಭಾಗಕ್ಕೂ ಪಕ್ಕಕ್ಕೂ ಯಾರಿಗೂ ಹಚ್ಚಬಾರದು. ಅಲ್ಲಿ ರಕ್ತದ ಒತ್ತಡವನ್ನು ಅಳೆಯುವ ನರಗಳೂ ಧ್ವನಿಪೆಟ್ಟಿಗೆಯೂ ಇರುವುದರಿಂದ ಒತ್ತಡವು ದಿಢೀರನೆ ಇಳಿಯಬಹುದು, ಉಸಿರು ಕಟ್ಟಬಹುದು. ಮೂರ್ಛೆರೋಗವುಳ್ಳವರೂ, ಗರ್ಭಿಣಿಯರೂ, ಅರ್ಬುದ ರೋಗಿಗಳೂ ವೈದ್ಯರನ್ನು ಕೇಳದೆ ಬಳಸತಕ್ಕದ್ದಲ್ಲ. ಗಾಯವಾದ ಚರ್ಮದ ಮೇಲೂ, ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದ ಕಡೆಯೂ ಹಚ್ಚಬಾರದು. ನೀರಿನಲ್ಲಿರುವಾಗ, ವಾಹನ ನಡೆಸುವಾಗ, ನಿದ್ರಿಸುವಾಗ ಬಳಸಬಾರದು. ಡಯಾಥರ್ಮಿಯ ಕೋಣೆಗೆ ಹೋಗುವ ಮುನ್ನ ದೇಹದಲ್ಲಿ ಲೋಹದ ಪಟ್ಟಿಯೋ ಮೊಳೆಯೋ ಇದ್ದರೆ ತಪ್ಪದೆ ತಿಳಿಸಬೇಕು.

ಕೆಲವು ಕತ್ತುನೋವುಗಳು ಸ್ನಾಯುವಿನ ನೋವುಗಳೇ ಅಲ್ಲ. ಬಿದ್ದ ಅಥವಾ ಅಪಘಾತದ ಬಳಿಕ ಬಂದ ನೋವು, ಕೈ ಸೋಲುವುದು, ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಜ್ವರ ತಲೆನೋವುಗಳೊಡನೆ ಕತ್ತು ಸೆಟೆಯುವುದು, ಎದೆಬಿಗಿತದೊಡನೆ ಕತ್ತಿಗೂ ತೋಳಿಗೂ ನೋವು ಹರಡುವುದು, ಇವು ಕಂಡರೆ ಯಂತ್ರವನ್ನು ಹುಡುಕದೆ ಆ ಕ್ಷಣವೇ ವೈದ್ಯರಲ್ಲಿಗೆ ಹೋಗಬೇಕು.

ದಿನಚರಿಯಲ್ಲಿ ಮಾಡತಕ್ಕುದು

ನಮ್ಮ ಹಿರಿಯರು ಭಾರತವನ್ನೋ ರಾಮಾಯಣವನ್ನೋ ಓದುವಾಗ ಗ್ರಂಥವನ್ನು ವ್ಯಾಸಪೀಠದ ಮೇಲಿರಿಸುತ್ತಿದ್ದರು. ಅದು ಗ್ರಂಥಕ್ಕೆ ತೋರಿದ ಗೌರವವಾದಂತೆ ಓದುವವನ ಕತ್ತಿಗೆ ಮಾಡಿದ ಉಪಕಾರವೂ ಹೌದು. ಕಣ್ಣು ಗ್ರಂಥಕ್ಕೆ ಇಳಿಯುವ ಬದಲು ಗ್ರಂಥವೇ ಕಣ್ಣಿನತ್ತ ಏರುತ್ತಿತ್ತು. ಇಂದಿಗೂ ಸೂತ್ರವು ಅದೇ. ಕಂಪ್ಯೂಟರಿನ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೂ, ಪರದೆಯು ಕೈ ಚಾಚಿದಷ್ಟು ದೂರಕ್ಕೂ ಇರಲಿ. ನಾಲ್ಕು ದಪ್ಪ ಪುಸ್ತಕಗಳನ್ನು ಕೆಳಗಿಟ್ಟರೂ ಸಾಕು. ಮೊಬೈಲನ್ನು ಮಡಿಲಿನಿಂದ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ತರಕಾರಿ ಹೆಚ್ಚುವ, ಅಕ್ಕಿ ಆರಿಸುವ, ಹೊಲಿಯುವ ಗೃಹಿಣಿಯರಿಗೂ ಇದೇ ಮಾತು ಸಲ್ಲುವುದು. ಎಷ್ಟೇ ಸರಿಯಾದ ಭಂಗಿಯಾದರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ನಾನು ಮಾಡುವ ವ್ಯಾಯಾಮಗಳು ನಾಲ್ಕು. ಒಂದು, ನೆಟ್ಟಗೆ ಕುಳಿತು ಗದ್ದವನ್ನು ಮೇಲಕ್ಕೂ ಕೆಳಕ್ಕೂ ಆಡಿಸದೆ ನೇರವಾಗಿ ಹಿಂದಕ್ಕೆಳೆದು ಐದೆಣಿಸುವವರೆಗೆ ಹಿಡಿಯುವುದು. ಎರಡು, ಹೆಗಲ ಹಲಗೆಗಳನ್ನು ಬೆನ್ನಿನ ಹಿಂದೆ ಒಂದಕ್ಕೊಂದು ಸೇರುವಂತೆ ಎಳೆದು ಬಿಡುವುದು. ಮೂರು, ಅಂಗೈಯನ್ನು ಹಣೆಗೂ, ಅನಂತರ ತಲೆಯ ಪಕ್ಕಕ್ಕೂ ಒತ್ತಿ, ತಲೆಯು ಅಲುಗದಂತೆ ಕತ್ತಿನಿಂದ ಎದುರೊತ್ತುವುದು. ನಾಲ್ಕು, ಕಿವಿಯನ್ನು ಹೆಗಲಿನತ್ತ ಮೆಲ್ಲಗೆ ಬಾಗಿಸಿ ಇಪ್ಪತ್ತೆಣಿಸುವುದು. ಮೊದಲ ಮೂರನ್ನು ಹತ್ತು ಸಲ, ನಾಲ್ಕನೆಯದನ್ನು ಎರಡೂ ಕಡೆಗೆ ಮೂರು ಸಲ. ಜುಮುಗುಟ್ಟಿದರೆ, ತಲೆ ತಿರುಗಿದರೆ ನಿಲ್ಲಿಸಬೇಕು. ಎಲ್ಲಕ್ಕೂ ಸೇರಿ ಹತ್ತು ನಿಮಿಷ ಸಾಕು. ಆರು ವಾರ ಬಿಡದೆ ಮಾಡಿದ ಮೇಲೆ ಸಂಜೆಯ ನೋವು ನನ್ನನ್ನು ವಾರಕ್ಕೊಮ್ಮೆ ನೋಡಿಹೋಗುವ ಪರಿಚಿತನಂತಾಯಿತು. ಈಗ ಅದೂ ಅಪರೂಪ.

ಯಂತ್ರವನ್ನು ನಾವು ಎಸೆಯಲಿಲ್ಲ. ನೋವು ಹೆಚ್ಚಾದ ದಿನ ವ್ಯಾಯಾಮಕ್ಕೆ ಮುನ್ನ ಕಾಲು ಗಂಟೆ ಅದು ನನಗೆ ನೆರವಾಗುವುದುಂಟು. ಆದರೆ ಅದರ ಪೆಟ್ಟಿಗೆಯ ಮುಚ್ಚಳದ ಮೇಲೆ, ಯಾರಿಗೆ ಹಚ್ಚಬಾರದು, ಎಲ್ಲಿ ಹಚ್ಚಬಾರದು ಎಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದು ಅಂಟಿಸಿದ್ದೇನೆ. ಕರಡನ್ನು ಮಗಳಿಂದ ತಿದ್ದಿಸಿದೆನು. ದೊಡ್ಡಮ್ಮನವರು ಊರಿಗೆ ಹೊರಡುವ ಮುನ್ನ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, “ಇದನ್ನ ಮೊದಲೇ ಬರೆದಿಡಬಾರದಾಗಿತ್ತೇನೋ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂತಹ ಯಂತ್ರವಿರುವ ಇತರ ಮನೆಗಳಲ್ಲಾದರೂ ಆ ಪ್ರಶ್ನೆಯು ಏಳದಿರಲೆಂದು ಈ ಲೇಖನವನ್ನು ಬರೆದಿದ್ದೇನೆ.